8 ಜಿಬಿ ಪಕ್ಕಕ್ಕೆ 16 ಜಿಬಿ

18 ಆಗಸ್ಟ್ 2024, ಭಾನುವಾರ

ಡೆಸ್ಕ್‌ಟಾಪ್‌ಗೆ ಇವತ್ತು ಇನ್ನೊಂದು ರ‍್ಯಾಮ್ ಸ್ಟಿಕ್ ಸೇರಿತು. ಮೊದಲಿಂದ ಇದ್ದದ್ದು 8 ಜಿಬಿ, ಬೇರೊಂದು ಮಷೀನಿನಿಂದ ಬಿಚ್ಚಿ ತಂದದ್ದು 16 ಜಿಬಿ. ಗಾತ್ರ ಬೇರೆ, ಕಂಪನಿ ಬೇರೆ, ವೇಗವೂ ಬೇರೆ. ಇಂಥ ಬೆರಕೆಯ ಮಾತೆತ್ತಿದರೆ ಸಾಕು, "ಅಯ್ಯೋ ಬೇಡ, ಡ್ಯುಯಲ್ ಚಾನೆಲ್ ಹೋಗುತ್ತೆ, ಹಳೇದನ್ನ ಕಿತ್ತು 16 ಒಂದನ್ನೇ ಹಾಕು" ಅನ್ನೋ ಬುದ್ಧಿವಾದ ಯಾರ ಬಾಯಿಂದಾದರೂ ಬಂದೇ ಬರುತ್ತೆ. ಡ್ಯುಯಲ್ ಚಾನೆಲ್ ಅಂದರೆ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಎರಡು ದಾರಿಯಲ್ಲಿ ಒಟ್ಟಿಗೇ ಡೇಟಾ ಓಡಾಡೋದು. ಲೆಕ್ಕ ಹಾಕಿದರೆ ಆ ಬುದ್ಧಿವಾದ ನಿಲ್ಲೋದಿಲ್ಲ.

ಮೊದಲು ಲೇಬಲ್. ಹಳೇದರ ಮೇಲೆ "8ಜಿಬಿ 1ಆರ್‌ಎಕ್ಸ್8 ಪಿಸಿ4-2400ಟಿ", ಇನ್ನೊಂದರ ಮೇಲೆ "16ಜಿಬಿ 2ಆರ್‌ಎಕ್ಸ್8 ಪಿಸಿ4-3200ಎಎ". ಪಿಸಿ4 ಅಂದರೆ ಡಿಡಿಆರ್4 ತಲೆಮಾರಿನ ರ‍್ಯಾಮ್ (ಪಕ್ಕದ 2400, 3200 ಅದರ ವೇಗ, ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಡೇಟಾ ಅನ್ನೋ ಲೆಕ್ಕದಲ್ಲಿ). ಎರಡರಲ್ಲೂ ಅದಿದ್ದರೆ ಮಾತ್ರ ಮುಂದಿನ ಮಾತು. ಡಿಡಿಆರ್3 ಆಗಿದ್ದರೆ ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುತ್ತೆ, ಸ್ಲಾಟಿಗೆ ಕೂರೋದೇ ಇಲ್ಲ. 1ಆರ್ ಅಂದರೆ ಒಂದು ರ‍್ಯಾಂಕ್: 64 ಬಿಟ್ ಡೇಟಾ ಒಟ್ಟಿಗೆ ಕೊಡುವ ಚಿಪ್‌ಗಳ ಒಂದು ಗುಂಪು. ಎಕ್ಸ್8 ಅಂದರೆ ಒಂದೊಂದು ಚಿಪ್ 8 ಬಿಟ್ ಅಗಲ, 64 ಬಿಟ್ ತುಂಬೋಕೆ ಎಂಟು ಚಿಪ್. ತಿರುಗಿಸಿ ನೋಡಿದರೆ ಹಳೇದರ ಬೆನ್ನು ಬೋಳು. 16 ಜಿಬಿಯದ್ದು ಎರಡು ರ‍್ಯಾಂಕ್, ಎರಡೂ ಕಡೆ ಎಂಟೆಂಟು ಚಿಪ್. ರ‍್ಯಾಂಕ್ ಬೇರೆ ಬೇರೆ ಆದರೆ ಸಾಮಾನ್ಯವಾಗಿ ತಕರಾರಿಲ್ಲ.

ಕೊನೆಯ ಟಿ ಮತ್ತು ಎಎ ನನಗೆ ಎಲ್ಲಕ್ಕಿಂತ ಹಿಡಿಸಿತು. ಟಿ ಅಂದರೆ ಸಿಎಲ್ 17, ಎಎ ಅಂದರೆ ಸಿಎಲ್ 22. ಸಿಎಲ್ ಅಂದರೆ ಡೇಟಾ ಕೇಳಿದ ಮೇಲೆ ಅದು ಬರೋವರೆಗೆ ಕಾಯಬೇಕಾದ ಸುತ್ತುಗಳು. ನೋಡಿದ ಕೂಡಲೇ 22 ನಿಧಾನ ಅನ್ನಿಸುತ್ತೆ. ಆದರೆ ಇವು ಕ್ಲಾಕ್ ಎಣಿಕೆ. ಡಿಡಿಆರ್ ಒಂದು ಕ್ಲಾಕಿಗೆ ಎರಡು ಸಲ ಡೇಟಾ ಕಳಿಸುವುದರಿಂದ 2400ರ ಸ್ಟಿಕ್ಕಿನ ನಿಜವಾದ ಕ್ಲಾಕ್ 1200 ಮೆಗಾಹರ್ಟ್ಸ್, ಅದರಲ್ಲಿ 17 ಸುತ್ತು ಅಂದರೆ ಸುಮಾರು 14.2 ನ್ಯಾನೋಸೆಕೆಂಡ್. 3200ರದ್ದು 1600 ಮೆಗಾಹರ್ಟ್ಸ್, 22 ಸುತ್ತಿಗೆ 13.75. ಹತ್ತಿರ ಹತ್ತಿರ ಒಂದೇ! ಹಾಗಾಗಿ 3200ರದ್ದನ್ನು 2400ಕ್ಕೆ ಇಳಿಸಿದರೆ ಅದೂ ಆರಾಮಾಗಿ ಸಿಎಲ್ 17ರಲ್ಲೇ ಓಡುತ್ತೆ. ಪ್ರತಿ ಸ್ಟಿಕ್ಕಿನಲ್ಲೂ ಎಸ್‌ಪಿಡಿ ಅಂತ ಒಂದು ಪುಟಾಣಿ ಚಿಪ್ ಇದೆ, ಅದರಲ್ಲಿ ಈ ಅಂಕಿಗಳೆಲ್ಲ ಬರೆದಿರುತ್ತವೆ. ಬಯಾಸ್ (ಮಷೀನ್ ಆನ್ ಆದ ಕೂಡಲೇ ಓಡುವ ಬೋರ್ಡಿನ ಸಾಫ್ಟ್‌ವೇರ್) ಎರಡನ್ನೂ ಓದಿ, ಇಬ್ಬರಿಗೂ ಆಗುವ ವೇಗವನ್ನು ತಾನೇ ಆರಿಸುತ್ತೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಪ್ರಶ್ನೆ ಬರೋದು ಎಕ್ಸ್‌ಎಂಪಿ (ಸ್ಟಿಕ್ ಕಂಪನಿ ಬರೆದಿಟ್ಟ ಹೆಚ್ಚು ವೇಗದ ಸೆಟ್ಟಿಂಗ್) ಆನ್ ಮಾಡಿ ಒಂದರ ಪ್ರೊಫೈಲನ್ನು ಇನ್ನೊಂದರ ಮೇಲೆ ಹೇರಿದಾಗ. ನಾನು ಅದರ ತಂಟೆಗೆ ಹೋಗಲಿಲ್ಲ.

ಈಗ ಆ ಬುದ್ಧಿವಾದದ ಲೆಕ್ಕ. ಪ್ರೊಸೆಸರ್ ಇಂಟೆಲ್ ಐ5-9400, ಅದರ ಮೆಮೊರಿ ಮಿತಿ 2666. ಅಂದರೆ 16 ಜಿಬಿ ಒಂದನ್ನೇ ಹಾಕಿದರೂ 3200 ಸಿಗೋದಿಲ್ಲ. 2666 ಗುಣಿಸು 8 ಬೈಟ್, ಸೆಕೆಂಡಿಗೆ ಸುಮಾರು 21.3 ಜಿಬಿ, ಅದೂ ಒಂದೇ ಚಾನೆಲ್. ಎರಡನ್ನೂ ಹಾಕಿದರೆ ವೇಗ 2400ಕ್ಕೆ ಇಳಿಯುತ್ತೆ ನಿಜ, ಆದರೆ ಡ್ಯುಯಲ್ ಚಾನೆಲ್ ಪೂರ್ತಿ ಸಾಯೋದಿಲ್ಲ. ಇಂಟೆಲ್ ಇದನ್ನು ಫ್ಲೆಕ್ಸ್ ಮೋಡ್ ಅನ್ನುತ್ತೆ: ಸಣ್ಣದರ 8 ಜಿಬಿಗೆ ದೊಡ್ಡದರ 8 ಜಿಬಿ ಜೋಡಿಯಾಗಿ 16 ಜಿಬಿಯಷ್ಟು ಜಾಗ ಎರಡೂ ಚಾನೆಲ್‌ನಲ್ಲಿ ಓಡುತ್ತೆ, ಅಲ್ಲಿ ಸೆಕೆಂಡಿಗೆ ಗರಿಷ್ಠ 38.4 ಜಿಬಿ. ಉಳಿದ 8 ಜಿಬಿ ಮಾತ್ರ ಒಂಟಿ, 19.2. "ಶುದ್ಧ" ಒಂಟಿ ಸ್ಟಿಕ್ಕಿಗಿಂತ ಬೆರಕೆಯ ಮೊದಲ 16 ಜಿಬಿಯೇ ಹೆಚ್ಚುಕಡಿಮೆ ಎರಡರಷ್ಟು ಅಗಲ, ಮೇಲೆ 8 ಜಿಬಿ ಕೊಸರು! ಈ ಮಷೀನಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತೆ. ಅದಕ್ಕಂತೂ ಈ ಅಗಲ ಬೇಕೇ ಬೇಕು.

ಇನ್ನು ಆ ಒಂಟಿ 8 ಜಿಬಿ ಬಗ್ಗೆ ಮೂಗು ಮುರಿಯೋರು ರ‍್ಯಾಮ್ ಸಾಲದೆ ಹೋದಾಗ ಏನಾಗುತ್ತೆ ಅಂತ ಒಮ್ಮೆ ನೋಡಬೇಕು. ವಿಂಡೋಸ್ ಡಿಸ್ಕಿನಲ್ಲಿರೋ ಪೇಜ್ ಫೈಲಿಗೆ ಬರೆಯೋಕೆ ಶುರು ಮಾಡುತ್ತೆ. ನನ್ನದು ಸಾಟಾ ಎಸ್‌ಎಸ್‌ಡಿ, ಎಷ್ಟೇ ಓಡಿದರೂ ಸೆಕೆಂಡಿಗೆ 550 ಎಂಬಿ ಆಸುಪಾಸು. ನಿಧಾನದ ರ‍್ಯಾಮ್ ಕೂಡ ಅದರ ಮೂವತ್ತು ಪಟ್ಟು ಮೇಲೆ. ವಿಡಿಯೋ ಎಡಿಟ್ ಮಾಡ್ತಾ ಬ್ರೌಸರ್ ತೆರೆದರೆ ಮೌಸ್ ನಿಂತು ನಿಂತು ಬರ್ತಿದ್ದದ್ದು ಚಾನೆಲ್ ಕಾರಣಕ್ಕಲ್ಲ, 8 ಜಿಬಿ ತುಂಬಿ ತುಳುಕುತ್ತಿದ್ದ ಕಾರಣಕ್ಕೆ.

ಕೂರಿಸೋ ಕೆಲಸ ಚಿಕ್ಕದು. ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಶುರು. ಈ ಬೋರ್ಡಿನಲ್ಲಿ ನಾಲ್ಕು ಸ್ಲಾಟ್. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡು ಮತ್ತು ನಾಲ್ಕನೆಯದು ಬೇರೆ ಬೇರೆ ಚಾನೆಲ್, ಅವಕ್ಕೇ ಹಾಕಬೇಕು. ಒಂದು, ಎರಡಕ್ಕೆ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬಿದ್ದು ಮೇಲಿನ ಲೆಕ್ಕವೆಲ್ಲ ನೀರಲ್ಲಿ ಹೋಮ. ಆನ್ ಮಾಡಿದಾಗ ಸ್ಕ್ರೀನ್ ಕಪ್ಪಗೇ ಇತ್ತು, ಫ್ಯಾನ್ ಮಾತ್ರ ಸುತ್ತುತ್ತಿತ್ತು, ತಾನಾಗೇ ಒಮ್ಮೆ ರೀಸ್ಟಾರ್ಟ್ ಆಯಿತು. ಹೊಸ ಜೋಡಿಗೆ ತಕ್ಕಂತೆ ಬೋರ್ಡ್ ಟೈಮಿಂಗ್ ಹೊಂದಿಸಿಕೊಳ್ಳುವ ಹೊತ್ತು ಅದು, ಗಾಬರಿಯಾಗಿ ಸ್ವಿಚ್ ಆರಿಸಬಾರದು. ಆಮೇಲೆ ಬಯಾಸ್‌ನಲ್ಲಿ 24 ಜಿಬಿ, 2400. ಮಷೀನಿನ ವಿವರ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಂ 1200 ತೋರಿಸಿತು. ಕ್ಲಾಕಿಗೆ ಎರಡು ಸಲ ಅನ್ನೋ ಲೆಕ್ಕದಲ್ಲಿ ಎರಡೂ ಒಂದೇ.

ಈಗ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ (ರ‍್ಯಾಮಿನ ದೋಷ ಹುಡುಕುವ ಪ್ರೋಗ್ರಾಂ) ಓಡ್ತಿದೆ, ಇದನ್ನು ಫೋನಿನಲ್ಲಿ ಟೈಪ್ ಮಾಡ್ತಿದ್ದೇನೆ. ಒಂದು ಪಾಸ್ ಮುಗಿದಿದೆ, ಎರರ್ ಸೊನ್ನೆ. ರಾತ್ರಿಯಿಡೀ ಬಿಡ್ತೇನೆ, ಒಂದೇ ಒಂದು ಎರರ್ ಬಂದರೂ ಸ್ಟಿಕ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎರಡೂ ಸರಿ ಇದ್ದರೆ ವೇಗ 2133ಕ್ಕೆ ಇಳಿಸಿ ನೋಡೋದು. ಇನ್ನೊಂದು 8 ಜಿಬಿ 2400 ಎಲ್ಲಾದರೂ ಸಿಕ್ಕರೆ ಹಳೆಯ 8ರ ಚಾನೆಲ್‌ಗೇ ಹಾಕಬೇಕು. ಸ್ಟಿಕ್ ಎಷ್ಟಿವೆ ಅನ್ನೋದು ಮುಖ್ಯವಲ್ಲ, ಚಾನೆಲ್‌ನ ಮೊತ್ತ ಮುಖ್ಯ: ಆ ಕಡೆ 8+8, ಈ ಕಡೆ 16, ಆಗ 32 ಜಿಬಿ ಪೂರ್ತಿ ಡ್ಯುಯಲ್.