ಡಿವೋರ್ಸ್ ಕೇಸ್ ಹಾಕಿದರೆ ಮನೆಗೆ ಬೀಗ ಬಿದ್ದ ಹಾಗಲ್ಲ

ಡಿವೋರ್ಸ್ ಕೇಸ್ ಹಾಕಿದ ದಿನದಿಂದ ಮನೆ ಮೇಲೆ ಯಾರೂ ಸಾಲ ಎತ್ತೋ ಹಾಗಿಲ್ಲ ಅಂತ ತುಂಬಾ ಜನ ನಂಬಿಕೊಂಡಿದ್ದಾರೆ. ಹಾಗೇನೂ ಇಲ್ಲ. ಡಿವೋರ್ಸ್ ಅರ್ಜಿ ಮದುವೆಯ ಬಗ್ಗೆ. ಅದರಲ್ಲಿ ಮನೆಯ ಮಾತೇ ಎತ್ತದಿದ್ದರೆ ಮನೆ ಮೊದಲಿದ್ದ ಹಾಗೇ ಇರುತ್ತದೆ. ಇಬ್ಬರ ಹೆಸರಲ್ಲಿದ್ದರೂ ಅಷ್ಟೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಜಂಟಿ ಮಾಲೀಕರಲ್ಲಿ ಒಬ್ಬರು ತಮ್ಮ ಪಾಲನ್ನು ಇನ್ನೊಬ್ಬರ ಸಹಿ ಇಲ್ಲದೆಯೇ ಮಾರಬಹುದು, ಅಡ ಇಡಬಹುದು.

ನನ್ನ ಚಿಕ್ಕಮ್ಮನ ಮಗಳು, ಅವಳ ಗಂಡ ಇಬ್ಬರ ಹೆಸರಲ್ಲೂ ಇರುವ ಫ್ಲಾಟ್ ರಾಜರಾಜೇಶ್ವರಿ ನಗರದಲ್ಲಿದೆ. ಗಂಡ ಬೇರೆ ಹೋಗಿದ್ದರು, ಕೇಸ್ ಫ್ಯಾಮಿಲಿ ಕೋರ್ಟಿನಲ್ಲಿತ್ತು. ಒಂದು ಬೆಳಿಗ್ಗೆ ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡ ಹುಡುಗನೊಬ್ಬ ಬಂದು ಹಾಲ್ ಅಳತೆ ತಗೋಬೇಕು ಮೇಡಂ ಅಂದ. ಅಸೋಸಿಯೇಷನ್ ಕಡೆಯವನಿರಬೇಕು ಅಂತ ಇವಳು ಒಳಗೆ ಬಿಟ್ಟಳು. ಗೋಡೆಗೆ ಲೇಸರ್ ಹಿಡಿದು ಹಾಲ್ ಅಳೆದ, ಬಾಲ್ಕನಿ ಅಳೆದ, ಕರೆಂಟ್ ಮೀಟರಿನ ಫೋಟೋ ಹೊಡೆದ. ಯಾಕಪ್ಪಾ ಇದೆಲ್ಲಾ ಅಂತ ಆಗ ಕೇಳಿದಳು. "ವ್ಯಾಲ್ಯುಯೇಷನ್ ಮೇಡಂ. ಸಾರ್ ಲೋನಿಗೆ ಹಾಕಿದಾರಲ್ವಾ?"

ಆ ಹುಡುಗನದೇನೂ ತಪ್ಪಿಲ್ಲ. ಇವಳು ಜಗಳ ಆಡಲಿಲ್ಲ, ಅದು ಒಳ್ಳೆಯದಾಯಿತು. ಅವನ ಕೈಯಲ್ಲಿದ್ದ ಕಾಗದದ ಫೋಟೋ ತಗೊಂಡಳು. ಅದರಲ್ಲಿ ಫೈನಾನ್ಸ್ ಕಂಪನಿಯ ಹೆಸರಿತ್ತು, ಅರ್ಜಿ ನಂಬರ್ ಇತ್ತು. ಆಮೇಲೆ ನನಗೆ ಫೋನ್. "ಅಕ್ಕಾ, ಬೀರುವಿನಲ್ಲಿ ಫೈಲ್ ಇಲ್ಲ."

ಫೈಲ್ ಅಂದರೆ ಒರಿಜಿನಲ್ ಸೇಲ್ ಡೀಡ್, ಖಾತಾ, ಕಂದಾಯದ ರಸೀದಿ ಎಲ್ಲಾ. ಹೋಮ್ ಲೋನ್ ಮೊದಲೇ ತೀರಿತ್ತು, ಬ್ಯಾಂಕ್ ವಾಪಸ್ ಕೊಟ್ಟ ಕಾಗದಗಳು ಮನೆಯಲ್ಲೇ ಇದ್ದವು. ಗಂಡನ ಬಟ್ಟೆಬರೆ ಜೊತೆ ಅವೂ ಹೋಗಿದ್ದವು. ನಮ್ಮಲ್ಲಿ ಅಡಮಾನಕ್ಕೆ ದೊಡ್ಡ ಪತ್ರ ಬರೆಯಲೇಬೇಕು ಅಂತೇನಿಲ್ಲ. ಬೆಂಗಳೂರಿನಂಥ ಊರುಗಳಲ್ಲಿ ಸಾಲಕ್ಕೆ ಭದ್ರತೆ ಅಂತ ಒರಿಜಿನಲ್ ಕಾಗದವನ್ನು ಬ್ಯಾಂಕಿನ ಕೈಗೆ ಕೊಟ್ಟರೂ ಅಡಮಾನ ಆಗಿಬಿಡುತ್ತದೆ. ಅದಕ್ಕೇ ಮನೆ ಬಿಟ್ಟು ಹೋಗುವವರು ಟೀವಿ ತಗೊಂಡು ಹೋದರೆ ಹೋಗಲಿ, ಫೈಲ್ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ.

ಒಳ್ಳೆ ಬ್ಯಾಂಕ್ ಯಾವುದೂ ಅರ್ಧ ಪಾಲಿನ ಮೇಲೆ ಸುಲಭಕ್ಕೆ ಸಾಲ ಕೊಡುವುದಿಲ್ಲ, ಇನ್ನೊಬ್ಬರ ಸಹಿ ಕೇಳುತ್ತದೆ. ಹಾಗಾಗಿ ಭಯ ಇರುವುದು ಬೇರೆ ಕಡೆ. ಒಂದು, ಹಿಂದೆ ಯಾವಾಗಲೋ ಬರೆದುಕೊಟ್ಟ ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಹಾಕೋಕೆ ಇನ್ನೊಬ್ಬರಿಗೆ ಕೊಟ್ಟ ಅಧಿಕಾರ ಪತ್ರ. ಗಂಡ ಅಥವಾ ಹೆಂಡತಿ ಹೊರದೇಶದಲ್ಲಿದ್ದಾಗ ಫ್ಲಾಟ್ ರಿಜಿಸ್ಟ್ರೇಷನ್‌ಗೆ ಅಂತ ಮಾಡಿದ್ದು ಹಾಗೇ ಉಳಿದಿರುತ್ತದೆ. ಅದನ್ನು ರದ್ದು ಮಾಡಿಸಿ, ರದ್ದಾದ ವಿಷಯ ಜಿಪಿಎ ಪಡೆದವರಿಗೂ ಬ್ಯಾಂಕಿಗೂ ಬರಹದಲ್ಲಿ ತಿಳಿಸಿ. ಇನ್ನೊಂದು ಖಾಸಗಿ ಫೈನಾನ್ಸಿನವರು. ಇವರು ಅಡಮಾನದ ಗೋಜಿಗೇ ಹೋಗದೆ, ಸಾಲಕ್ಕೆ ಭದ್ರತೆ ಅಂತ ಸೇಲ್ ಅಗ್ರಿಮೆಂಟ್ ಬರೆಸಿಕೊಂಡು ಇಟ್ಟುಕೊಳ್ಳುತ್ತಾರೆ, ದುಡ್ಡು ಬರಲಿಲ್ಲ ಅಂದರೆ ಅದೇ ಅಗ್ರಿಮೆಂಟ್ ಹಿಡಿದು ಮನೆ ಬರೆದುಕೊಡಿ ಅಂತ ಸಿವಿಲ್ ಕೋರ್ಟಿಗೆ ಹೋಗುತ್ತಾರೆ. ರಿಜಿಸ್ಟರ್ ಆಗದ ಅಗ್ರಿಮೆಂಟ್ ಇಸಿಯಲ್ಲಿ, ಅಂದರೆ ಆಸ್ತಿ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ, ಕಾಣಿಸುವುದಿಲ್ಲ.

ಆದರೂ ಇಸಿ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಅದರ ಜೊತೆ ಸೆರ್ಸಾಯ್ ನೋಡಿ. ಬ್ಯಾಂಕು, ಫೈನಾನ್ಸ್ ಕಂಪನಿಗಳು ಅಡ ಇಟ್ಟುಕೊಂಡ ಆಸ್ತಿಯನ್ನು ದಾಖಲಿಸುವ ಕೇಂದ್ರ ರಿಜಿಸ್ಟ್ರಿ ಅದು, 2011ರಿಂದ ಇದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಇಬ್ಬರ ಹೆಸರನ್ನೂ ಹಾಕಿ ನೋಡಿ, ಯಾರಾದರೂ ದಾವೆ ಹಾಕಿದ್ದರೆ ಸಿಗುತ್ತದೆ. ನಿಮ್ಮ ಹೆಸರಿನ ಸಾಲಗಳನ್ನೆಲ್ಲಾ ತೋರಿಸುವ ಸಿಬಿಲ್ ರಿಪೋರ್ಟ್ ವರ್ಷಕ್ಕೊಮ್ಮೆ ಪುಕ್ಕಟೆ. ನಿಮ್ಮನ್ನು ಯಾವ ಸಾಲಕ್ಕಾದರೂ ಕೋ-ಅಪ್ಲಿಕಂಟ್ ಅಥವಾ ಜಾಮೀನುದಾರ ಅಂತ ಸೇರಿಸಿದ್ದಾರಾ ಅಂತ ಅದರಲ್ಲಿ ಗೊತ್ತಾಗುತ್ತದೆ. ನೀವು ಸಹಿ ಹಾಕದ ಪರ್ಸನಲ್ ಲೋನಿಗೆ, ಕ್ರೆಡಿಟ್ ಕಾರ್ಡ್ ಬಾಕಿಗೆ ನೀವು ಹೊಣೆಯಲ್ಲ. ರಿಕವರಿಯವರು ಫೋನಿನಲ್ಲಿ ಏನೇ ಹೆದರಿಸಲಿ, ಕೋರ್ಟಿನಿಂದ ಡಿಕ್ರಿ ತಂದರೂ ಅವರು ಮುಟ್ಟಬಹುದಾದ್ದು ಸಾಲ ಮಾಡಿದವರ ಪಾಲನ್ನು ಮಾತ್ರ.

ನಮ್ಮ ಹುಡುಗಿ ಅವತ್ತೇ ಒಂದು ಪತ್ರ ಬರೆದಳು. ನಾನು ಈ ಆಸ್ತಿಯ ಜಂಟಿ ಮಾಲೀಕಳು, ಸಾಲಕ್ಕೆ ನನ್ನ ಒಪ್ಪಿಗೆ ಇಲ್ಲ, ಎಲ್ಲೂ ಸಹಿ ಹಾಕಿಲ್ಲ, ನನ್ನ ಸಹಿ ಕಂಡರೆ ಅದು ನನ್ನದಲ್ಲ, ಕೋರ್ಟಿನಲ್ಲಿ ಕೇಸ್ ಇದೆ, ನಂಬರ್ ಇಷ್ಟು. ಅಷ್ಟೇ, ಗಂಡನ ಗುಣಗಾನ ಏನೂ ಇಲ್ಲ. ಫೈನಾನ್ಸ್ ಕಂಪನಿಗೆ ಇಮೇಲ್ ಮಾಡಿ, ಬ್ರಾಂಚಿಗೇ ಹೋಗಿ ಒಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬಂದಳು. ಸೀಲ್ ಬಿದ್ದ ಮೇಲೆ ನಮಗೆ ಗೊತ್ತಿರಲಿಲ್ಲ ಅಂತ ಅವರು ಹೇಳೋಕಾಗಲ್ಲ. ಆ ಅರ್ಜಿ ಅಲ್ಲಿಗೇ ನಿಂತಿತು.

ಸಬ್ ರಿಜಿಸ್ಟ್ರಾರ್ ಆಫೀಸಿಗೂ ಇಂಥ ತಕರಾರು ಪತ್ರ ಕೊಡುತ್ತಾರೆ. ಕೊಡಿ, ಬೇಡ ಅನ್ನಲ್ಲ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಬರೀ ಪತ್ರ ನೋಡಿ ಅವರು ನೋಂದಣಿ ನಿಲ್ಲಿಸುವುದಿಲ್ಲ, ಕೋರ್ಟ್ ಆದೇಶ ಕೇಳುತ್ತಾರೆ. ಅದೂ ಅಲ್ಲದೆ ಈಗ ಜಿಲ್ಲೆಯೊಳಗೆ ಯಾವ ಆಫೀಸಿಗೆ ಹೋದರೂ ರಿಜಿಸ್ಟರ್ ಮಾಡಿಸಬಹುದು. ನೀವು ಪತ್ರ ಕೊಟ್ಟಿದ್ದು ಒಂದು ಕಡೆ, ಅವರು ಹೋಗುವುದು ಇನ್ನೊಂದು ಕಡೆ.

ಗಟ್ಟಿಯಾಗಿ ತಡೆಯುವುದು ಕೋರ್ಟ್ ಆದೇಶವೇ. ದಾರಿ ಎರಡಿವೆ. ಹೆಂಗಸರಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಹೊಡೆದರೆ ಮಾತ್ರ ಅದು ಅಂದುಕೊಂಡಿರುತ್ತೇವೆ, ಆದರೆ ಆಸ್ತಿ ಪರಭಾರೆ ಮಾಡುವುದನ್ನೂ ಅದು ಆರ್ಥಿಕ ದೌರ್ಜನ್ಯ ಅಂತಲೇ ಕರೆಯುತ್ತದೆ. 19ನೇ ಸೆಕ್ಷನ್ ಕೆಳಗೆ ಮ್ಯಾಜಿಸ್ಟ್ರೇಟರು ಮನೆಯನ್ನು ಮಾರಬೇಡ, ಅದರ ಮೇಲೆ ಸಾಲದ ಹೊರೆ ಹಾಕಬೇಡ ಅಂತ ಆದೇಶ ಕೊಡಬಹುದು, ತುರ್ತಿದ್ದರೆ 23ನೇ ಸೆಕ್ಷನ್ನಿನಲ್ಲಿ ಎದುರು ಪಕ್ಷವನ್ನು ಕೇಳುವ ಮೊದಲೇ ಮಧ್ಯಂತರವಾಗಿ ಕೊಡಬಹುದು. ಇನ್ನೊಂದು ಫ್ಯಾಮಿಲಿ ಕೋರ್ಟಿನಲ್ಲೇ ಮನೆಯ ಪಾಲಿಗೆ ದಾವೆ ಹಾಕಿ ತಡೆಯಾಜ್ಞೆ ಕೇಳುವುದು. ಹೆಂಡತಿ ಸಾಲ ಎತ್ತುತ್ತಿದ್ದಾರೆ ಅಂತ ಒದ್ದಾಡುವ ಗಂಡಸರಿಗೆ ಇದೇ ದಾರಿ, ಮೊದಲನೆಯದು ಅವರಿಗೆ ಸಿಗುವುದಿಲ್ಲ. ಮನೆಯ ಹಕ್ಕೇ ದಾವೆಯಲ್ಲಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್ ಕೂಡ ಜೊತೆಗೆ ಬರುತ್ತದೆ. ಆಮೇಲೆ ಯಾರು ಆ ಮನೆ ಮೇಲೆ ಸಾಲ ಕೊಟ್ಟರೂ ಕೋರ್ಟಿನ ತೀರ್ಪಿಗೆ ತಲೆಬಾಗಲೇಬೇಕು. ಬರೀ ಡಿವೋರ್ಸ್ ಅರ್ಜಿಗೆ ಈ ಬಲ ಇಲ್ಲ. ಲಾಯರ್ ಹತ್ತಿರ ಇದೊಂದನ್ನು ಬಾಯಿಬಿಟ್ಟು ಕೇಳಿ, ಯಾಕೆಂದರೆ ಜೀವನಾಂಶ, ಮಕ್ಕಳು ಅಂತ ಓಡಾಡುವಾಗ ಮನೆ ವಿಷಯ ಆಮೇಲೆ ನೋಡೋಣ ಅಂತ ಹಿಂದೆ ಬೀಳುತ್ತದೆ.

ಹೋಮ್ ಲೋನ್ ಇನ್ನೂ ನಡೆಯುತ್ತಿದ್ದರೆ ಒರಿಜಿನಲ್ ಬ್ಯಾಂಕಿನಲ್ಲಿರುತ್ತದೆ, ಅಷ್ಟು ಮಟ್ಟಿಗೆ ನಿಶ್ಚಿಂತೆ. ಆದರೆ ಅದು ಓವರ್‌ಡ್ರಾಫ್ಟ್ ಥರದ ಲೋನ್ ಆಗಿದ್ದರೆ, ಬಡ್ಡಿ ಉಳೀಲಿ ಅಂತ ನೀವು ಹಾಕಿಟ್ಟ ಜಾಸ್ತಿ ದುಡ್ಡನ್ನು ಇನ್ನೊಬ್ಬರು ಮೊಬೈಲಿನಲ್ಲೇ ಎತ್ತಿಬಿಡಬಹುದು, ಸಾಲ ಮತ್ತೆ ಬೆಳೆದು ಕೂರುತ್ತದೆ. ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ಕೊಡಿ ಅಂತ ಬ್ಯಾಂಕಿಗೆ ಬರೆದುಕೊಡಿ. ಸಾಲ ತೀರಿದ 30 ದಿನದೊಳಗೆ ಒರಿಜಿನಲ್ ಕಾಗದ ವಾಪಸ್ ಕೊಡಬೇಕು, ಬ್ಯಾಂಕ್ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಹಾಗಾಗಿ ಅವರಿಗೂ ಬೇಗ ಕೊಟ್ಟು ಕೈ ತೊಳೆದುಕೊಳ್ಳುವ ಆತುರ. ಇಬ್ಬರೂ ಬಂದರೆ ಮಾತ್ರ ಕೊಡಿ ಅಂತ ಮೊದಲೇ ಬರೆದುಕೊಟ್ಟಿರಿ.

ಕೊನೆಗೆ ನಮ್ಮ ಹುಡುಗಿ, ಅವಳ ಗಂಡ ಇಬ್ಬರದೂ ಒಪ್ಪಿ ಬೇರೆಯಾಗುವ ಮ್ಯೂಚುಯಲ್ ಮಾತುಕತೆಗೆ ಬಂದು ನಿಂತಿದೆ. ಅವರ ಪಾಲನ್ನು ಇವಳಿಗೆ ಬಿಟ್ಟುಕೊಡುವುದು, ಅದಕ್ಕೆ ಇವಳು ಇಷ್ಟು ಕೊಡುವುದು ಅಂತ. ಒಪ್ಪಂದದಲ್ಲಿ ಬರೆದರೆ ಸಾಕಲ್ವಾ ಅಂತ ಅವರ ಕಡೆಯವರು ಅಂದರು. ಸಾಲದು ಅಂತ ಇವಳ ಲಾಯರ್ ಮೇಡಂ ಪಟ್ಟು ಹಿಡಿದಿದ್ದಾರೆ. ಮೊದಲು ಫೈಲ್ ವಾಪಸ್ ಬರಬೇಕು, ಹೊಸದಾಗಿ ಇಸಿ ತೆಗೆಸಬೇಕು, ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಬೇಕು, ಆ ದಿನವೇ ದುಡ್ಡು. ಫೈಲ್ ಇನ್ನೂ ಬಂದಿಲ್ಲ.