ಸೇತುವೆಯ ಹೆದರಿಕೆ, ತಮ್ಮನ ಮೇಲಿನ ಸಿಟ್ಟು

ಸದಾಶಿವಗಡ, 9 ಆಗಸ್ಟ್ 2025, ಶನಿವಾರ

ಇಂದು ನೂಲ ಹುಣ್ಣಿಮೆ. ಅಮ್ಮನ ಮನೆಗೆಂದು ಬೆಳಿಗ್ಗೆ ಕಾರವಾರದ ಬಸ್ ಹತ್ತಿದೆ. ಕಾಳಿ ನದಿಯ ಸೇತುವೆ ಬರುತ್ತಲೇ ಎಂದಿನಂತೆ ಅಂಗೈ ಬೆವರಿತು. ಎದುರಿನಿಂದ ಲಾರಿ ಬಂದಾಗ ಸೇತುವೆ ಸಣ್ಣಗೆ ಅದುರುತ್ತದೆ. ಸೇತುವೆ ಎಂದಮೇಲೆ ಅದುರುವುದೇ ಎಂದು ಗೊತ್ತಿದ್ದರೂ ನನ್ನ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಡುವುದಿಲ್ಲ. ಪಕ್ಕದಲ್ಲೇ ಇದ್ದ ಹಳೆಯ ಸೇತುವೆ ಕಳೆದ ವರ್ಷ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ನದಿಗೆ ಬಿದ್ದಿತ್ತು. ಚಾಲಕ ಬದುಕಿಕೊಂಡ, ಪುಣ್ಯ.

‘ಧೈರ್ಯ ತಂದುಕೋ, ಹೊಸ ಸೇತುವೆ ಗಟ್ಟಿಯಾಗಿದೆ’ ಎನ್ನುತ್ತಾರೆ ಭಾವ. ಹಳೆಯದೂ ಹಿಂದಿನ ಸಂಜೆಯವರೆಗೆ ಗಟ್ಟಿಯಾಗಿಯೇ ಇತ್ತಲ್ಲ! ಹೆದರಬಾರದು ಎಂದು ಹಲ್ಲು ಕಚ್ಚಿ ಕುಳಿತರೆ ಹೆದರಿಕೆ ಇನ್ನಷ್ಟು ಬಲಿಯುತ್ತದೆ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದು ಹಿರಿಯರು ಸುಮ್ಮನೆ ನಕ್ಕಿಲ್ಲ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ, ನೆನಪಾದಾಗಲೆಲ್ಲ ಗಂಟೆ ಬಾರಿಸಲು ತಿಳಿಸಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ನೆನೆಯಲು ಬಿಟ್ಟಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಹೆಚ್ಚಾಗಿ ಇವರಿಗೇ ಕರಡಿ ಕಾಡಿತು.

ಹಾಗಾಗಿ ನನ್ನ ಹೆದರಿಕೆಯ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಬಸ್ ಹತ್ತದೆ ಉಳಿಯುವುದೂ ಇಲ್ಲ. ಒಮ್ಮೆ ತಪ್ಪಿಸಿಕೊಂಡರೆ ಮರುದಿನ ನಿಲ್ದಾಣಕ್ಕೆ ಹೋಗುವುದೇ ಕಷ್ಟವಾಗುತ್ತದೆ. ಇವತ್ತು ನಮ್ಮ ಖಾರ್ವಿ ಜನ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ. ಕಡಲ ಭಯವೇ ಇಲ್ಲದಂತೆ ಮಾಡು ಎಂದು ಅವರಲ್ಲಿ ಯಾರೂ ಬೇಡಿಕೊಂಡದ್ದನ್ನು ನಾನು ಕೇಳಿಲ್ಲ. ಕಾಪಾಡು ಎಂದು ಕೈಮುಗಿದು ದೋಣಿ ಇಳಿಸುತ್ತಾರೆ, ಅಷ್ಟೆ.

ಆದರೆ ‘ಯಾವ ಭಾವನೆ ಬಂದರೂ ಒಪ್ಪಿಕೊಂಡುಬಿಡಿ’ ಎಂದು ಈಗ ಎಲ್ಲರೂ ಹೇಳುವ ಮಾತು ನನಗೆ ಪೂರ್ತಿ ಹಿಡಿಸುವುದಿಲ್ಲ. ತಮ್ಮನ ಮೇಲಿನ ಸಿಟ್ಟನ್ನು ಹಾಗೆ ಒಪ್ಪಿಕೊಂಡು ಕುಳಿತಿದ್ದರೆ ಅದು ಮನೆಯ ಯಜಮಾನನೇ ಆಗಿಬಿಡುತ್ತಿತ್ತು. ಕಳೆದ ವರ್ಷ ಜುಲೈನಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅವನು ಕುಮಟಾದಿಂದ ಬರಲಿಲ್ಲ. ಅವನಿಗೆ ಅಮ್ಮ ಬೇಡವಾಗಿದ್ದಾಳೆ ಎಂದು ನನ್ನ ಮನಸ್ಸು ತೀರ್ಪು ಕೊಟ್ಟಿತ್ತು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಲ್ಲಿ ಇಂಥ ತೀರ್ಪುಗಳಿಗೆ ಸಾಕ್ಷಿ ಏನಿದೆ ಎಂದು ತಾಳೆ ನೋಡಿಸುತ್ತಾರೆ. ನಾನೂ ನೋಡಿದೆ. ಜುಲೈ 16ರಂದು ಕುಮಟಾ-ಕಾರವಾರ ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಶಿರಸಿ, ಯಲ್ಲಾಪುರ ಸುತ್ತಿ ಆ ಮಳೆಯಲ್ಲಿ ಘಟ್ಟ ಇಳಿದು ಬಾ ಎಂದು ನಾನೇ ಅವನಿಗೆ ಹೇಳುತ್ತಿರಲಿಲ್ಲ. ಬರಲಿಲ್ಲ ಎಂಬ ಸಿಟ್ಟು ಅಲ್ಲಿಗೆ ಇಳಿಯಿತು. ಫೋನ್ ಕೂಡ ಮಾಡಲಿಲ್ಲ ಎಂಬುದು ಮಾತ್ರ ಉಳಿಯಿತು. ಅದಕ್ಕೆ ಗುಡ್ಡ ಅಡ್ಡ ಬಂದಿರಲಿಲ್ಲವಲ್ಲ.

ಸೇತುವೆಯ ವಿಷಯದಲ್ಲಿ ಹೀಗೆ ತಾಳೆ ನೋಡಿದರೆ ಹೆದರಿಕೆಯ ಪರವಾಗಿಯೇ ಒಂದು ಸಾಕ್ಷಿ ನದಿಗೆ ಬಿದ್ದಿದೆ. ಅದಕ್ಕೇ ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ ತಮ್ಮನನ್ನು ಕೇಳಿಯೇಬಿಟ್ಟೆ: ‘ಆವಾಗ ಒಂದು ಫೋನ್ ಯಾಕೆ ಮಾಡಲಿಲ್ಲ?’

‘ಏನು ಮಾತನಾಡಬೇಕೆಂದೇ ತಿಳಿಯಲಿಲ್ಲ ಅಕ್ಕ.’

‘ಅದನ್ನೇ ಹೇಳಬಹುದಿತ್ತು.’

ಅವನು ಟವೆಲ್ ಹುಡುಕುವ ನೆಪದಲ್ಲಿ ಒಳಗೆ ಹೋದ. ಸ್ವಲ್ಪ ಹೊತ್ತಿನ ನಂತರ, ಅಮ್ಮನ ಮಾತ್ರೆಗಳು ಯಾವಾಗ ಮುಗಿಯುತ್ತವೆ ಎಂದು ಕೇಳುತ್ತಾ ಮರಳಿ ಬಂದ.