ಮುಟ್ಟುವ ಮೊದಲು ಒಂದು ಮಾತು

ಬೆಳಗ್ಗೆ ಆರಕ್ಕೆ ಕೋಣೆಯೊಳಗೆ ಹೇಗೆ ಕಾಲಿಡುತ್ತೀರಿ ಎಂಬುದರಲ್ಲೇ ಆ ದಿನದ ಅರ್ಧ ಕೆಲಸ ಅಡಗಿದೆ. ಲಕ್ವ ಹೊಡೆದು ಬಲಗಡೆ ಸೋತ, ಮಾತೂ ನಿಂತುಹೋದ ಅಜ್ಜ ಒಬ್ಬರು ಮಂಚದ ಮೇಲಿದ್ದಾರೆ ಎನ್ನಿ. ನೋಡಿಕೊಳ್ಳುವವರು ಮಗನೋ ಸೊಸೆಯೋ ಸಂಬಳಕ್ಕೆ ಬರುವ ಹೆಣ್ಣುಮಗಳೋ ಯಾರೇ ಇರಲಿ, ಬಂದವರೇ ಟ್ಯೂಬ್‌ಲೈಟ್ ಹಾಕಿ, ಹೊದಿಕೆ ಸರಿಸಿ, ಡೈಪರ್‌ಗೆ ಕೈ ಹಾಕಿದರೆ ಅಜ್ಜ ಬೆಚ್ಚಿಬೀಳುತ್ತಾರೆ. ಬೆಚ್ಚಿದಾಗ ಸೋತ ಕೈಕಾಲು ಬಿಗಿದುಕೊಳ್ಳುತ್ತವೆ. ಬಿಗಿದ ಮೈಯನ್ನು ಹೊರಳಿಸುವುದು ಕಷ್ಟ, ಅವರಿಗೂ ನೋವು, ಹೊರಳಿಸುವವರ ಸೊಂಟಕ್ಕೂ ಪೆಟ್ಟು. ಅದರ ಬದಲು ಬಾಗಿಲಲ್ಲೇ ಒಂದು ದನಿ ಕೊಡಿ. ಮಂಚದ ಎಡಗಡೆಗೆ ಬಂದು, ಅವರ ಕಣ್ಣಿಗೆ ಕಾಣುವ ಹಾಗೆ ಕೂತು, ‘ಅಜ್ಜಾ, ಬೆಳಗಾಯ್ತು. ಮೈ ಒರೆಸೋಣವಾ?’ ಎಂದು ಕೇಳಿ. ಕೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಹೊತ್ತು. ಪೆಟ್ಟಾದ ಮೆದುಳಿಗೆ ಮಾತು ತಲುಪಿ, ಉತ್ತರ ಹೊರಟು, ರೆಪ್ಪೆಯೋ ಕೈಯೋ ಅಲ್ಲಾಡಲು ಅಷ್ಟು ಸಮಯ ಬೇಕಾಗುತ್ತದೆ. ಹೆಚ್ಚಿನವರು ಎರಡೇ ಕ್ಷಣದಲ್ಲಿ ‘ಇವರಿಗೆ ಗೊತ್ತಾಗಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ.

ಗೊತ್ತಾಗುತ್ತದೆ. ಪ್ಯಾರಿಸ್‌ನ ವೈದ್ಯ ಪಾಲ್ ಬ್ರೊಕಾ 1861ರಲ್ಲಿ ವಿವರಿಸಿದ ರೋಗಿಯ ಬಾಯಿಂದ ಏನು ಕೇಳಿದರೂ ಬರುತ್ತಿದ್ದುದು ‘ತಾನ್’ ಎಂಬ ಒಂದೇ ಸದ್ದು, ಆದರೆ ಎದುರಿನವರ ಮಾತು ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಬಹುತೇಕರಲ್ಲಿ ಮಾತಿನ ಕೆಲಸ ಮೆದುಳಿನ ಎಡಭಾಗದ್ದು, ಆ ಭಾಗವೇ ಬಲಗೈ ಬಲಗಾಲನ್ನೂ ನಡೆಸುತ್ತದೆ. ಹಾಗಾಗಿ ಬಲಗಡೆ ಸೋತವರಲ್ಲಿ ಮಾತು ಹೋಗುವುದು ಹೆಚ್ಚು. ಕೆಲವರಿಗೆ ಕೇಳಿದ್ದು ತಿಳಿಯುವುದೂ ಕಷ್ಟವಾಗುತ್ತದೆ ನಿಜ. ಆದರೆ ಬಾಯಿ ಕಟ್ಟಿದ್ದನ್ನೇ ಬುದ್ಧಿ ಹೋದದ್ದು ಎಂದುಕೊಂಡು ಮಂಚದ ಪಕ್ಕದಲ್ಲೇ ಆಸ್ತಿ ಪಾಲು, ಆಸ್ಪತ್ರೆ ಬಿಲ್ಲು, ‘ಇನ್ನೆಷ್ಟು ದಿನವೋ’ ಎಂದೆಲ್ಲ ಮಾತಾಡುವ ಮನೆಗಳಿವೆ. ಅಂಥ ಮಾತು ನಡೆದ ಮಧ್ಯಾಹ್ನ ಅಜ್ಜ ಯಾಕೆ ತುತ್ತು ತಳ್ಳಿದರು ಎಂಬುದು ಆಮೇಲೆ ಯಾರಿಗೂ ಹೊಳೆಯುವುದಿಲ್ಲ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದೊಳಗೇ ಕೂತಿರುವುದರಿಂದ ಅದು ಜಾರಿದ್ದು ತಕ್ಷಣ ಕಿವಿಗೆ ಬೀಳುತ್ತದೆ. ನಿನ್ನೆಯವರೆಗೆ ‘ಮಾವ, ಊಟಕ್ಕೆ ಏಳಿ’ ಎನ್ನುತ್ತಿದ್ದ ಮನೆಯಲ್ಲಿ ಇವತ್ತು ‘ಬಾಯಿ ತೆಗಿ, ನುಂಗು’ ಶುರುವಾಗುತ್ತದೆ. ಇನ್ನೂ ಕೆಳಗೆ ಇಳಿದರೆ ‘ಅವರು’ ಹೋಗಿ ‘ಅದು’ ಬರುತ್ತದೆ: ‘ಅದು ಬೆಳಗ್ಗೆಯಿಂದ ಏನೂ ತಿಂದಿಲ್ಲ.’ ಹಾಗೆಂದು ಎಲ್ಲರಿಗೂ ಬಹುವಚನವೇ ಗೌರವ ಎಂದಲ್ಲ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ‘ಅವ್ವಾ, ನೀ ಉಂಡಿ?’ ಎನ್ನುವುದರಲ್ಲೇ ಪ್ರೀತಿಯಿದೆ. ಅಲ್ಲಿ ಇದ್ದಕ್ಕಿದ್ದಂತೆ ‘ನೀವು’ ಎಂದರೆ ಅವ್ವನಿಗೆ ಪರಕೀಯ ಅನಿಸೀತು. ಕಾಯಿಲೆಗೆ ಮುಂಚೆ ಯಾರು ಹೇಗೆ ಕರೆಯುತ್ತಿದ್ದರೋ ಅದನ್ನೇ ಉಳಿಸಿಕೊಳ್ಳುವುದು ಸರಿ. ಹೊಸದಾಗಿ ಕೆಲಸಕ್ಕೆ ಬಂದವರು ಮೊದಲ ದಿನವೇ ‘ನಿಮ್ಮನ್ನು ಏನಂತ ಕರೆಯಲಿ?’ ಎಂದು ಅವರನ್ನೇ ಕೇಳಬೇಕು. ‘ಅಜ್ಜ’ ಅನ್ನಿಸಿಕೊಳ್ಳಲು ಒಪ್ಪದ ನಿವೃತ್ತ ಮೇಷ್ಟ್ರು ‘ಮೇಷ್ಟ್ರೇ’ ಎಂದೊಡನೆ ಕಣ್ಣು ಅರಳಿಸುವುದುಂಟು.

ಮೈ ಒರೆಸುವುದಕ್ಕೆ ಎರಡು ಟಬ್, ನಾಲ್ಕೈದು ಹತ್ತಿ ಬಟ್ಟೆ (ಹಳೆಯ ಪಂಚೆಯ ತುಂಡುಗಳು ಎಲ್ಲಕ್ಕಿಂತ ಮೆತ್ತಗೆ), ಎರಡು ಟವೆಲ್, ಮೈಗೆ ಉರಿಯಾಗದ ಸೋಪು ಸಾಕು. ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬರೀ ನೀರು, ಎರಡೂ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ, ಆಮೇಲೆ ಅವರ ಎಡಗೈಗೆ ತಾಗಿಸಿ ‘ಬಿಸಿ ಸರಿಯಿದೆಯಾ?’ ಎಂದು ಕೇಳಿ. ಸೋತ ಬಲಗೈಗೆ ಬಿಸಿ ತಿಳಿಯದೇ ಇರಬಹುದು, ಅಲ್ಲಿ ನೋಡಿದರೆ ಸುಟ್ಟರೂ ಗೊತ್ತಾಗುವುದಿಲ್ಲ. ಬಾಗಿಲು ಹಾಕಿ, ಫ್ಯಾನ್ ಆರಿಸಿ. ಮೈಮೇಲೆ ದೊಡ್ಡ ಹೊದಿಕೆ ಇದ್ದೇ ಇರಲಿ. ಒಂದು ಕೈ ಒರೆಸುವಾಗ ಆ ಕೈ ಮಾತ್ರ ಹೊರಗೆ, ಒರೆಸಿ ಒಣಗಿಸಿ ಮುಚ್ಚಿದ ಮೇಲೆ ಇನ್ನೊಂದು. ಮೈ ಪೂರ್ತಿ ಬಿಚ್ಚಿಟ್ಟು ಒರೆಸಿದರೆ ಐದು ನಿಮಿಷ ಉಳಿಯುತ್ತದೆ, ಅಷ್ಟೇ. ಅದಕ್ಕಾಗಿ ಒಬ್ಬ ಹಿರಿಯರನ್ನು ಬೆತ್ತಲೆ ಮಲಗಿಸುವುದು ನ್ಯಾಯವಲ್ಲ.

ಮುಖದ ಬಟ್ಟೆಯನ್ನು ಅವರ ಎಡಗೈಗೇ ಕೊಡಿ. ವಕ್ರವಾಗಿ ಒರೆಸಿಕೊಳ್ಳಲಿ, ಕುತ್ತಿಗೆ ಒದ್ದೆಯಾಗಲಿ. ಬಿಟ್ಟುಹೋದ ಜಾಗವನ್ನು ಆಮೇಲೆ ನೀವು ಒರೆಸಿದರಾಯಿತು. ಕಣ್ಣು ಮಾತ್ರ ಮೂಗಿನ ಕಡೆಯಿಂದ ಹೊರಕ್ಕೆ, ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ತುದಿ. ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು, ಕೊನೆಗೆ ಗುಪ್ತಾಂಗ, ಅದಕ್ಕೆ ಹೊಸ ನೀರು, ಬೇರೆ ಬಟ್ಟೆ. ಹೆಂಗಸರಿಗಾದರೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು, ಇಲ್ಲದಿದ್ದರೆ ಮೂತ್ರದ ಸೋಂಕು ಬರಬಹುದು. ಇಲ್ಲಿಯೂ ಕೈ ಆಡುವವರಿಗೆ ಬಟ್ಟೆ ಕೊಟ್ಟು ನೀವು ಆಚೆ ತಿರುಗಿ ನಿಲ್ಲಬಹುದು. ಬೆನ್ನು ಒರೆಸುವಾಗ ಬಾಲದ ಮೂಳೆ, ಸೊಂಟದ ಬದಿ, ಹಿಮ್ಮಡಿ ನೋಡಿ. ಕೆಂಪಗಿದ್ದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಶುರು. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಾಣದೇ ಇರಬಹುದು, ಬಿಸಿ ಅಥವಾ ಗಡುಸು ತಾಗುತ್ತದೆಯೇ ಎಂದು ಮುಟ್ಟಿ ತಿಳಿಯಬೇಕು. ಆ ಜಾಗದ ಮೇಲೆ ಭಾರ ಬಿಡಬೇಡಿ, ಉಜ್ಜಲೂಬೇಡಿ, ನರ್ಸಿಗೋ ಡಾಕ್ಟರಿಗೋ ತೋರಿಸಿ. ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ. ಈ ಕ್ರಮ ತಪ್ಪಿದರೆ ಭುಜ ತಿರುಚಿ ನೋವಾಗುತ್ತದೆ.

ಇಷ್ಟೆಲ್ಲದರ ನಡುವೆ ಅಜ್ಜ ಒಮ್ಮೆ ಕೈ ಬೀಸಿ ಹೊಡೆದಾರು. ಆಗ ‘ಏನಿದು ಹಠ’ ಎಂದು ಕೈ ಹಿಡಿದು ಕೆಲಸ ಮುಗಿಸುವುದೇ ದೊಡ್ಡ ತಪ್ಪು. ನೀರು ಆರಿತ್ತೇ? ಹೇಳದೆ ತಿರುಗಿಸಿದಿರಾ? ಇಬ್ಬರು ಸೇರಿ ಅವರ ಪರಿವೆಯೇ ಇಲ್ಲದೆ ಹರಟುತ್ತಿದ್ದಿರಾ? ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1990ರ ದಶಕದಲ್ಲಿ ಮರೆವಿನ ಕಾಯಿಲೆಯವರ ಆರೈಕೆಯನ್ನು ಗಮನಿಸಿ, ಕೆಟ್ಟ ಉದ್ದೇಶವಿಲ್ಲದೆಯೂ ಮನುಷ್ಯನನ್ನು ಕುಗ್ಗಿಸುವ ವರ್ತನೆಗಳನ್ನು ಗುರುತಿಸಿದ್ದರು. ಮಗುವಿನಂತೆ ನಡೆಸಿಕೊಳ್ಳುವುದು, ಅವರಿಲ್ಲವೆಂಬಂತೆ ಮಾತಾಡುವುದು, ಅವರಿಗೆ ಹಿಡಿಯಲಾಗದ ವೇಗದಲ್ಲಿ ಕೆಲಸ ಓಡಿಸುವುದು ಅದರಲ್ಲಿದ್ದವು. ಬೆಳಗಿನ ಸ್ನಾನದಲ್ಲಿ ಮೂರೂ ಒಟ್ಟಿಗೆ ನಡೆಯುತ್ತವೆ. ಹೊಡೆತ ಬಿದ್ದರೆ ಕೈ ತೆಗೆದು, ಹೊದಿಕೆ ಹೊದಿಸಿ, ‘ಬೇಡವಾ? ಸರಿ, ಆಮೇಲೆ ಬರ್ತೀನಿ’ ಎಂದು ಹೊರಗೆ ಬನ್ನಿ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದರೆ ಬಹಳ ಸಲ ಒಪ್ಪುತ್ತಾರೆ.

ಊಟದ ವಿಷಯದಲ್ಲಿ ಮರ್ಯಾದೆಯೂ ಜೀವರಕ್ಷಣೆಯೂ ಒಂದೇ. ನಿಂತು ತಿನ್ನಿಸುವವರನ್ನು ನೋಡಲು ಅವರು ತಲೆ ಎತ್ತಬೇಕು, ತಲೆ ಎತ್ತಿದಾಗ ತುತ್ತು ಶ್ವಾಸನಾಳಕ್ಕೆ ಜಾರುವುದು ಸುಲಭ. ಸ್ಟೂಲ್ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂತರೆ ಗದ್ದ ತಾನಾಗಿ ತುಸು ಕೆಳಗಿಳಿಯುತ್ತದೆ. ಅವರ ಬೆನ್ನು ನೆಟ್ಟಗಿರಲಿ, ಚಹಾ ಚಮಚದಷ್ಟೇ ತುತ್ತು. ನುಂಗಿದ್ದನ್ನು ಗಂಟಲಿನ ಚಲನೆಯಲ್ಲಿ ನೋಡಿದ ಮೇಲೆಯೇ ಇನ್ನೊಂದು. ಬಾಯಲ್ಲಿ ಅನ್ನ ಇರುವಾಗ ಪ್ರಶ್ನೆ ಕೇಳಬೇಡಿ. ಸೋತ ಕಡೆಯ ಕೆನ್ನೆಯಲ್ಲಿ ಅಗುಳು ಉಳಿದಿರುತ್ತದೆ, ಕೊನೆಗೆ ನೋಡಿ ತೆಗೆಯಿರಿ. ನೀರಾದ ಸಾರಿಗಿಂತ ಗಟ್ಟಿ ರಾಗಿ ಗಂಜಿ ಅನೇಕರಿಗೆ ಸಲೀಸು, ಎಷ್ಟು ಗಟ್ಟಿ ಎಂಬುದನ್ನು ನುಂಗುವಿಕೆ ಪರೀಕ್ಷಿಸಿದವರೇ ಹೇಳಬೇಕು. ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ನಿಲ್ಲಿಸಿ. ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ತಟ್ಟೆಯಲ್ಲಿ ಏನೇನಿದೆ ಎಂದು ಮೊದಲೇ ಹೇಳಿ, ಯಾವುದು ಮೊದಲು ಬೇಕು ಎಂದು ತೋರಿಸಲು ಬಿಡಿ. ಅನ್ನ, ಪಲ್ಯ, ಮಜ್ಜಿಗೆ ಎಲ್ಲ ಸೇರಿಸಿ ಮುದ್ದೆ ಮಾಡಿ ಕೊಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಂಚದಿಂದ ವೀಲ್‌ಚೇರಿಗೆ ಕೂರಿಸುವಾಗ ಇಬ್ಬರೂ ಒಬ್ಬರನ್ನೊಬ್ಬರು ನಂಬಬೇಕಾಗುತ್ತದೆ. ಕುರ್ಚಿ ಗಟ್ಟಿಯಿರುವ ಎಡಗಡೆಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿ. ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚಿ. ಪಾದ ನೆಲಕ್ಕೆ ಊರಿರಲಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಸೋತ ಭುಜದ ಕೀಲು ಸಡಿಲವಾಗಿರುತ್ತದೆ. ಸೊಂಟದ ಬೆಲ್ಟ್ ಹಿಡಿದು, ಮುಂದಕ್ಕೆ ಬಾಗಲು ಹೇಳಿ ಒಂದು, ಎರಡು, ಮೂರು ಎಣಿಸಿ. ಮೂರಕ್ಕೆ ಅವರು ಎಡಗಾಲು ಒತ್ತಬೇಕು. ಎರಡಕ್ಕೇ ಎಳೆದುಬಿಟ್ಟರೆ ಮರುದಿನದಿಂದ ಅವರು ಒತ್ತುವುದಿಲ್ಲ, ಪೂರ್ತಿ ಭಾರ ನಿಮ್ಮ ಬೆನ್ನಿಗೇ.

ಇನ್ನು ಆ ಬೆನ್ನಿನ ಮಾತು. ಸಂಬಳಕ್ಕೆ ಬಂದವಳನ್ನು ಹೆಸರು ಹಿಡಿದು ಕರೆಯದೆ ‘ಏ ಹುಡುಗಿ’ ಎನ್ನುವ ಮನೆ, ಮೊದಲ ದಿನವೇ ‘ನಿಮ್ಮದು ಯಾವ ಜನ?’ ಎಂದು ವಿಚಾರಿಸಿ ಅವಳ ಲೋಟವನ್ನು ಬೇರೆ ಇಡುವ ಮನೆ, ಅವಳಿಂದ ಅಜ್ಜನಿಗೆ ಮಾತ್ರ ಮರ್ಯಾದೆ ಬಯಸುತ್ತದೆ. ಅಪ್ಪನ ಬಾಯಿಗೆ ತುತ್ತಿಡುವ ಕೈ ಅದು, ಅದಕ್ಕೆ ಬೇರೆ ಲೋಟ ಇಡುವುದು ಅವಮಾನ. ದಿನವಿಡೀ ಮನೆಯಲ್ಲೇ ಇರುವವರಿಗೆ ರಾತ್ರಿ ಒಟ್ಟಾಗಿ ನಿದ್ದೆ, ಮಧ್ಯಾಹ್ನ ಕಾಲು ಚಾಚಲು ಹೊತ್ತು, ವಾರಕ್ಕೊಂದು ರಜೆ, ತಿಂಗಳ ದಿನಕ್ಕೆ ಸರಿಯಾಗಿ ಸಂಬಳ, ಇವನ್ನು ಸೇರುವ ದಿನವೇ ಮಾತಾಡಿ ಬರೆದಿಡಿ. ತಪ್ಪಾದರೆ ಅಜ್ಜನ ಎದುರು ಬೈಯಬೇಡಿ. ಅವಳನ್ನು ನೀವು ಕೆಳಗಿಳಿಸಿದ್ದನ್ನು ನೋಡಿದವರು ನಾಳೆ ಅವಳ ಕೈಗೆ ಮೈ ಒಪ್ಪಿಸಲು ಹಿಂಜರಿಯುತ್ತಾರೆ. ಮರ್ಯಾದೆ ಕೊಡುವುದರಲ್ಲಿ ಮಂಚದಲ್ಲಿರುವವರಿಗೂ ಪಾಲಿದೆ. ಮಾತಿಲ್ಲದ ಅಜ್ಜ ಎಡಗೈಯನ್ನು ಬಾಯಿಯ ಹತ್ತಿರ ತಂದು ‘ಉಂಡೆಯಾ?’ ಎಂದು ಕೇಳಿದಾಗ ‘ಆಯ್ತು ಅಜ್ಜಾ’ ಎಂದು ಉತ್ತರ ಕೊಡಿ. ಸುಮ್ಮನೆ ತಲೆಯಾಡಿಸಿ ಹೋಗಬೇಡಿ.

ರಾತ್ರಿ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಾಗುತ್ತದೆ. ಚರ್ಮ ಚೆನ್ನಾಗಿದ್ದು ಹಾಸಿಗೆ ಒಳ್ಳೆಯದಿದ್ದರೆ ಡಾಕ್ಟರನ್ನು ಕೇಳಿ ಅಂತರ ಹೆಚ್ಚಿಸಬಹುದು. ಬೆನ್ನ ಹಿಂದೆ ದಿಂಬು ಕೊಟ್ಟು ಓರೆಯಾಗಿ ಮಲಗಿಸಿ, ಮೊಣಕಾಲುಗಳ ನಡುವೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಮತ್ತೊಂದು. ನಿದ್ದೆಗಣ್ಣಲ್ಲಿದ್ದರೂ, ಕತ್ತಲಲ್ಲಿದ್ದರೂ, ಮುಟ್ಟುವ ಮೊದಲು ಮೆಲ್ಲಗೆ ‘ಅಜ್ಜಾ, ಮಗ್ಗುಲು ಬದಲಿಸ್ತೀನಿ’ ಎನ್ನಿ. ಹೋಗುವ ಮುಂಚೆ ಕರೆಗಂಟೆಯನ್ನು ಎಡಗೈಗೆ ಎಟಕುವಲ್ಲಿ ಇಟ್ಟು, ಒಮ್ಮೆ ಅವರಿಂದಲೇ ಒತ್ತಿಸಿ ನೋಡಿ.